ಮಾರ್ಲಿಸ್ ಕೈ ಬೀಸದ ದಿನ

ಮಾರ್ಲಿಸ್ ಡೆಮ್‌ಚುಕ್ ಜೊತೆ ನಾನು ಏಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಆಕೆ ಕುಳ್ಳಿಯೋ ಎತ್ತರದವಳೋ ನನಗೆ ಗೊತ್ತಿಲ್ಲ. ಎದೆಯಿಂದ ಮೇಲಕ್ಕೆ ಏನು ಬೇಕಾದರೂ ಕೇಳಿ, ಹೇಳುತ್ತೇನೆ. ಎಡಗೆನ್ನೆಯ ಮೇಲೊಂದು ಮಚ್ಚೆ, ದಾರ ಕಟ್ಟಿ ಕತ್ತಿಗೆ ನೇತುಹಾಕಿಕೊಂಡ ಕನ್ನಡಕ, ಮೊಣಕೈ ಹತ್ತಿರ ಹೊಲಿಗೆ ಬಿಟ್ಟ ನೀಲಿ ಸ್ವೆಟರ್. ಅದರ ಕೆಳಗೆ ಆಕೆಗೆ ಕಾಲುಗಳಿದ್ದವು ಎನ್ನುವುದೂ ನನ್ನ ಊಹೆಯೇ. ಆರು ಗಜ ದೂರದ ಪಕ್ಕದ ಮನೆಯವನ ಜೊತೆ ನಾನು ಆಡದಷ್ಟು ಮಾತನ್ನು ಈ ಹೆಂಗಸಿನ ಜೊತೆ ಆಡಿದ್ದೇನೆ. ಆದರೂ ಆಕೆ ಸಾಯುವ ಹಾಗಾದಾಗ ಆಕೆ ಎಲ್ಲಿದ್ದಾಳೆ ಎಂದು ಹೇಳಲು ನನ್ನಿಂದ ಆಗಲಿಲ್ಲ.

ನಮ್ಮದು ಆಲಿಕಲ್ಲು ವಿಮೆಯ ಕೆಲಸ. ಬೇಸಿಗೆಯಲ್ಲಿ ಬಯಲುಸೀಮೆಯ ಗೋಧಿ ಹೊಲಗಳ ಮೇಲೆ ಆಲಿಕಲ್ಲು ಸುರಿಯುತ್ತದೆ, ರೈತರು ಪರಿಹಾರ ಕೇಳುತ್ತಾರೆ, ತಕರಾರಾದ ಅರ್ಜಿಗಳನ್ನು ಚಳಿಗಾಲವಿಡೀ ಕೂತು ಬಗೆಹರಿಸುವವರು ನಾವು ನಾಲ್ವರು. ನಾಲ್ವರೂ ನಾಲ್ಕು ದಿಕ್ಕಿನವರು. ನಾನು, ರೈಮೊ, ಸಡ್‌ಬರಿಯಲ್ಲಿದ್ದೇನೆ. ನಮ್ಮ ಮುಖ್ಯಸ್ಥೆ ಜಾಸ್ಲಿನ್ ಪೂರ್ವದ ಕಡಲ ಹತ್ತಿರ ಮಾಂಕ್ಟನ್‌ನಲ್ಲಿ, ಎಲ್ಲರಿಗಿಂತ ಕಿರಿಯವನಾದ ಟ್ರೆಂಟ್ ಪಶ್ಚಿಮದ ಬೆಟ್ಟಗಳ ನಡುವೆ ಕೆಲೋನಾದಲ್ಲಿ, ಮಾರ್ಲಿಸ್ ನಟ್ಟನಡುವಿನ ಸಸ್ಕಾಚೆವಾನ್ ಬಯಲಿನಲ್ಲಿ. ದಿನಾ ಬೆಳಿಗ್ಗೆ ಪರದೆಯ ಮೇಲೆ ನಾಲ್ಕು ಚೌಕಗಳಲ್ಲಿ ಸೇರುತ್ತೇವೆ. ನನಗೆ ಹತ್ತು ಗಂಟೆಯಾದರೆ ಜಾಸ್ಲಿನ್‌ಗೆ ಹನ್ನೊಂದು, ಮಾರ್ಲಿಸ್‌ಗೆ ಒಂಬತ್ತು, ಟ್ರೆಂಟ್‌ಗೆ ಇನ್ನೂ ಬೆಳಕು ಹರಿಯದ ಏಳು. ಪಾಪ, ಮೇಲೆ ಇಸ್ತ್ರಿ ಅಂಗಿ, ಕೆಳಗೆ ಪೈಜಾಮ ತೊಟ್ಟು ಕೂರುತ್ತಾನೆ ಎಂದು ನಮ್ಮ ಗುಮಾನಿ.

ಮಾರ್ಲಿಸ್ ಹುಟ್ಟಿದ್ದು, ಬೆಳೆದದ್ದು, ಓರೆಸ್ಟ್ ಎಂಬವನನ್ನು ಮದುವೆಯಾಗಿ ಬೇಸಾಯ ಮಾಡಿದ್ದು, ಅವನನ್ನು ಮಣ್ಣು ಮಾಡಿದ್ದು ಎಲ್ಲವೂ ಅದೇ ಬಯಲಿನಲ್ಲಿ. ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದಳಂತೆ. ಶಾಲೆ ಮುಚ್ಚಿತು. ರೈಲು ಹಳಿಯ ಪಕ್ಕದ ಧಾನ್ಯದ ಉಗ್ರಾಣದಲ್ಲಿ ಲಾರಿ ತೂಗುವ ಕೆಲಸಕ್ಕೆ ಸೇರಿದಳು. ಉಗ್ರಾಣವನ್ನೂ ಕೆಡವಿದರು. ಆಮೇಲೆ ನಮ್ಮ ಕಂಪನಿಗೆ ಬಂದು ಹೊಲಹೊಲ ಅಲೆದು ಮುರಿದ ತೆನೆ ಎಣಿಸುತ್ತಿದ್ದಳು, ಮಂಡಿ ಕೈಕೊಟ್ಟ ಮೇಲೆ ಕುರ್ಚಿಗೆ ಬಂದಳು. "ನಾನು ಕಾಲಿಟ್ಟ ಕಡೆಯೆಲ್ಲಾ ಬಾಗಿಲು ಹಾಕ್ಕೊಂಡು ಹೋಗ್ತಾರೆ. ನೀವು ಹುಷಾರಾಗಿರಿ ಕಣ್ರಪ್ಪಾ," ಎಂದು ಮೊದಲ ದಿನವೇ ನಮಗೆ ಹೇಳಿದ್ದಳು.

ಅವಳಿದ್ದಲ್ಲಿಗೆ ತಂತಿ ಬಂದಿಲ್ಲ, ಇಂಟರ್‌ನೆಟ್ ಬರುವುದು ಛಾವಣಿಯ ಮೇಲಿನ ಡಿಶ್‌ನಿಂದ. ಹಿಮ ಬಿದ್ದು ಡಿಶ್ ಮುಚ್ಚಿದರೆ ಮುಗಿಯಿತು, ಮಾರ್ಲಿಸ್ ಮಾತಿನ ನಡುವೆ ಕಲ್ಲಾಗುತ್ತಿದ್ದಳು. ಬಾಯಿ ತೆರೆದಿದ್ದರೆ ತೆರೆದೇ, ಕಣ್ಣು ಅರ್ಧ ಮುಚ್ಚಿದ್ದರೆ ಅರ್ಧ ಮುಚ್ಚಿಯೇ. ಸ್ವಲ್ಪ ಹೊತ್ತಿಗೆ ಜೀವ ಬಂದು, "ಇರ್ರೋ, ಪೊರಕೆ ತಗೊಂಡು ಡಿಶ್ ಗುಡಿಸಿ ಬರ್ತೀನಿ" ಎಂದು ಕ್ಯಾಮೆರಾ ಆರಿಸಿ ಹೋಗುತ್ತಿದ್ದಳು. ಅಷ್ಟರೊಳಗೆ ಟ್ರೆಂಟ್ ಆ ಮುಖದ ಫೋಟೋ ಹಿಡಿದಿರುತ್ತಿದ್ದ. ಅವನು ಅಂಥವನ್ನೆಲ್ಲ ಸೇರಿಸಿ 'ಕಲ್ಲುಮೂತಿಗಳು' ಎಂಬ ಆಲ್ಬಮ್ ಮಾಡಿದ್ದ. ನಮ್ಮೆಲ್ಲರ ಮೂತಿಗಳೂ ಅದರಲ್ಲಿವೆ. ಕ್ರಿಸ್‌ಮಸ್ ಹೊತ್ತಿಗೆ ಓಟು ಹಾಕಿ ವರ್ಷದ ಮೂತಿ ಆರಿಸುತ್ತಿದ್ದೆವು. ಮೂರು ವರ್ಷ ಮಾರ್ಲಿಸ್ಸೇ ಗೆದ್ದಿದ್ದಳು, ಮತ್ತು ಹೆಮ್ಮೆಯಿಂದ ಗೆದ್ದಿದ್ದಳು. "ಇಷ್ಟು ಚೆನ್ನಾಗಿ ಕೆಟ್ಟದಾಗಿ ಕಾಣೋಕೆ ನಿಮ್ಮ ಕೈಲಾಗಲ್ಲ ಬಿಡಿ" ಎಂದು ನಮ್ಮನ್ನೇ ಹಂಗಿಸುತ್ತಿದ್ದಳು.

ಕಳೆದ ಶರತ್ಕಾಲದಲ್ಲಿ ಮಾರ್ಲಿಸ್ ಮನೆ ಬದಲಾಯಿಸಿದಳು. ಹೊಲದ ಮನೆ ಒಬ್ಬಳಿಗೆ ದೊಡ್ಡದಾಯಿತು ಎಂದು ಹೊಲದ ಸಮೇತ ಕೊಟ್ಟುಬಿಟ್ಟು, ರೈಲು ಹಳಿಯ ಪಕ್ಕದ ಹಳೆಯ ಸ್ಟೇಷನ್ ಮಾಸ್ತರರ ಮನೆ ಕೊಂಡಿದ್ದಳು. ಅಲ್ಲಿ ಈಗ ಸ್ಟೇಷನ್ನೂ ಇಲ್ಲ, ಊರೂ ಇಲ್ಲ, ಊರಿನ ಹೆಸರಿನ ಹಲಗೆಯನ್ನೂ ಕಿತ್ತುಹಾಕಿದ್ದಾರೆ ಎಂದಳು. ಬೀರುವನ್ನು ಟ್ರ್ಯಾಕ್ಟರ್ ಮೇಲೆ ಸಾಗಿಸಿದ ಕಥೆಯನ್ನು ಅವಳು ಹೇಳಿದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮನೆ ಎಲ್ಲಿದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳುವುದೇನು, ಅವಳು ದಿನಾ ನಮ್ಮ ಮುಂದೆಯೇ ಇದ್ದಳಲ್ಲ!

ಹೊಸ ಮನೆಯಲ್ಲಿ ಅವಳ ಬೆನ್ನ ಹಿಂದೆ ಒಂದು ಕಿಟಕಿ, ಕಿಟಕಿಯ ಆಚೆ ಹಳಿ. ಮೊದಲ ವಾರವೇ ಗೂಡ್ಸ್ ರೈಲಿನ ಹಾರ್ನ್ ನಮ್ಮೆಲ್ಲರ ಕಿವಿ ಒಡೆದುಹಾಕಿತು. ಜಾಸ್ಲಿನ್ ಸಿಡಿಮಿಡಿಗೊಂಡು ಮಾರ್ಲಿಸ್ ಕೈಯಲ್ಲಿ ಏನೇನೋ ಒತ್ತಿಸಿ, ಮನುಷ್ಯರ ದನಿ ಬಿಟ್ಟು ಬೇರೆ ಸದ್ದನ್ನೆಲ್ಲ ನುಂಗುವ ಏರ್ಪಾಡು ಮಾಡಿಸಿದಳು. ಅಂದಿನಿಂದ ರೈಲು ಸದ್ದಿಲ್ಲದೆ ಹೋಗತೊಡಗಿತು. ರೈಲು ಬಂದಾಗ ಮಾತ್ರ ಮಾರ್ಲಿಸ್ ಯಾರು ಮಾತಾಡುತ್ತಿರಲಿ ಬಿಡಲಿ, ಹಿಂದಕ್ಕೆ ತಿರುಗಿ ಎಂಜಿನ್ ಕಡೆ ಕೈ ಬೀಸುತ್ತಿದ್ದಳು. ಒಂದು ಸಲ ತಲೆಕಚೇರಿಯ ದೊಡ್ಡ ಮನುಷ್ಯರೊಬ್ಬರು ಮೀಟಿಂಗ್‌ಗೆ ಬಂದಿದ್ದರು. ಆಗಲೂ ಬಿಡಲಿಲ್ಲ. ಅವರು, "ಯಾರಿಗೆ ಕೈ ಬೀಸ್ತಿದ್ದೀರಿ?" ಎಂದರು. "ನಮ್ಮನೆ ಮುಂದೆ ಹಾದು ಹೋಗೋ ಏಕೈಕ ಗಂಡಸಿಗೆ," ಎಂದಳು ಮಾರ್ಲಿಸ್. ಆ ಮೀಟಿಂಗ್ ಅಲ್ಲಿಗೇ ಎಕ್ಕುಟ್ಟಿಹೋಯಿತು.

ಜನವರಿಯ ಆ ದಿನ ಸಡ್‌ಬರಿಯಲ್ಲಿ ಮೂಗು ಉದುರಿಹೋಗುವ ಚಳಿ. ಅವಳಿರುವಲ್ಲಿ ಇನ್ನೂ ಹೆಚ್ಚು. ಒಬ್ಬ ರೈತ ಹೋದ ವರ್ಷದ ಫೋಟೋಗಳನ್ನೇ ಈ ವರ್ಷವೂ ಕಳಿಸಿ ಪರಿಹಾರ ಕೇಳಿದ್ದ. ಮಾರ್ಲಿಸ್ ಅವನ ಜನ್ಮ ಜಾಲಾಡುತ್ತಿದ್ದಳು. "ಆಲಿಕಲ್ಲು ಎರಡು ವರ್ಷ ಒಂದೇ ಗಿಡದ ಮೇಲೆ ಒಂದೇ ಜಾಗಕ್ಕೆ ಬೀಳುತ್ತೇನ್ರೋ? ಇವನಿಗೇನು ಆಕಾಶದಲ್ಲಿ ನೆಂಟರು..." ಎಂದವಳು ಅಲ್ಲಿಗೇ ನಿಂತಳು.

"ಬಂತು, ಬಂತು!" ಎಂದು ಕೂಗಿದ ಟ್ರೆಂಟ್. "ಈ ವರ್ಷದ ಮೊದಲನೇ ಕಲ್ಲುಮೂತಿ! ಬಾಯಿ ನೋಡ್ರೋ, ಒಂದ್ಕಡೆ ಜಾರಿಹೋಗಿದೆ. ಹುಳಿ ಉಪ್ಪಿನಕಾಯಿ ಕಚ್ಚಿದ ಹಾಗಿದೆ!"

"ಮಾರ್ಲಿಸ್, ಪೊರಕೆ ತಗೊಂಡು ಹತ್ತಮ್ಮಾ ಮೇಲಕ್ಕೆ," ಎಂದೆ ನಾನು.

"ಫೋಟೋ ಆಯ್ತು. ಡಿಸೆಂಬರ್‌ವರೆಗೂ ಕಾಯೋದೇ ಬೇಡ, ಪ್ರೈಜ್ ಇವಾಗ್ಲೇ ಕೊಟ್ಬಿಡಿ."

ಜಾಸ್ಲಿನ್ ಕೂಡ ನಕ್ಕಳು. "ಬರ್ತಾಳೆ ಬಿಡಿ. ನಾವು ಮುಂದಿನ ಅರ್ಜಿ ನೋಡೋಣ," ಎಂದಳು.

ನೋಡಿದೆವು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕಿದೆವು. ನಡುನಡುವೆ ಟ್ರೆಂಟ್ ಮಾರ್ಲಿಸಳ ದನಿ ಅನುಕರಿಸಿ, "ಇರ್ರೋ, ಗುಡಿಸಿ ಬರ್ತೀನಿ" ಎನ್ನುವುದು, ನಾವು ಕಿಸಿಕಿಸಿ ನಗುವುದು. ಮೂಲೆಯ ಚೌಕದಲ್ಲಿ ಮಾರ್ಲಿಸ್ ಎತ್ತರದ ಕುರ್ಚಿಗೆ ಒರಗಿ ನಮ್ಮನ್ನೇ ನೋಡುತ್ತಿದ್ದಳು.

ಆಗ ಅವಳ ಕಿಟಕಿಯಲ್ಲಿ ರೈಲು ಬಂತು.

ನಾನು ಮೊದಲು ಸುಮ್ಮನೆ ನೋಡಿದೆ. ಎಂಜಿನ್ ಹೋಯಿತು, ಅದರ ಹಿಂದೆ ಕಂದು ಬೋಗಿಗಳು ಒಂದರ ಹಿಂದೊಂದು. ಈಗ ತಿರುಗಿ ಕೈ ಬೀಸುತ್ತಾಳೆ ಎಂದು ಕಾದೆ. ಬೀಸಲಿಲ್ಲ. ಎಲಾ ಇವಳ, ಇವತ್ತೇನು ಗಂಡಸಿನ ಮೇಲೆ ಮುನಿಸೋ ಎಂದುಕೊಂಡೆ. ಇನ್ನೂ ನಾಲ್ಕಾರು ಬೋಗಿ ದಾಟಿದ ಮೇಲೆ ನನಗೆ ಹೊಳೆಯಿತು.

"ಜಾಸ್ಲಿನ್. ಚಿತ್ರ ನಿಂತಿಲ್ಲ."

"ಏನು?"

"ರೈಲು ಓಡ್ತಿದೆ ನೋಡು. ನಿಂತಿರೋದು ಮಾರ್ಲಿಸ್."

ಮೂವರೂ ಆ ಚೌಕವನ್ನು ದೊಡ್ಡದು ಮಾಡಿಕೊಂಡೆವು. ಪರದೆ ತುಂಬ ಅವಳ ಮುಖ. ಬಾಯಿಯ ಬಲಬದಿ ಕೆಳಗೆ ಜಾರಿತ್ತು, ಅಲ್ಲಿಂದ ಜೊಲ್ಲು ಇಳಿದು ಸ್ವೆಟರ್ ಒದ್ದೆಯಾಗಿತ್ತು. ಕಣ್ಣು ಒಮ್ಮೆ ಮಿಟುಕಿತು. ಜಾಸ್ಲಿನ್ ತನ್ನ ಫ್ರೆಂಚ್‌ನಲ್ಲಿ ದೇವರನ್ನು ಕರೆದು ಕಿರುಚಿದಳು. ಟ್ರೆಂಟ್ ಮಾರ್ಲಿಸಳ ಮೊಬೈಲಿಗೆ ಫೋನ್ ಮಾಡಿದ. ಅವಳ ಕೈಗೆ ಎಟಕುವಷ್ಟು ಹತ್ತಿರ, ಮೇಜಿನ ಮೇಲೆ ಅದರ ಬೆಳಕು ಹತ್ತಿ ಆರಿತು, ಹತ್ತಿ ಆರಿತು. ಅವಳು ಅದರ ಕಡೆ ನೋಡಲೂ ಇಲ್ಲ.

ನಾನು ತುರ್ತು ಸಂಖ್ಯೆಗೆ ಫೋನ್ ಮಾಡಿದೆ. ಎತ್ತಿದ ಹೆಂಗಸು ನನ್ನ ಊರಿನವಳೇ.

"ಆಂಬುಲೆನ್ಸ್ ಎಲ್ಲಿಗೆ ಬೇಕು ಸರ್?"

"ಇಲ್ಲಿಗಲ್ಲ. ಸಸ್ಕಾಚೆವಾನ್‌ಗೆ."

"ಸಸ್ಕಾಚೆವಾನ್‌ನಲ್ಲಿ ಎಲ್ಲಿಗೆ?"

ನನಗೆ ಗೊತ್ತಿರಲಿಲ್ಲ. ಅವಳ ಟೀ ಲೋಟದ ಮೇಲಿನ ಹೂವು ಗೊತ್ತು, ಓರೆಸ್ಟ್ ಗೊರಕೆ ಹೊಡೆಯುತ್ತಿದ್ದುದು ಗೊತ್ತು, ಡಿಸೆಂಬರಿನಲ್ಲಿ ಅವಳು ಆಲೂಗಡ್ಡೆ ತುಂಬಿ ಮಾಡುವ ಪೆರೋಗಿ ಕಡುಬಿನ ಅಂಚನ್ನು ಹೇಗೆ ಚಿವುಟುತ್ತಾಳೆ ಎನ್ನುವುದೂ ಗೊತ್ತು. ಊರು ಗೊತ್ತಿಲ್ಲ. ನಾಚಿಕೆಯಿಂದ ಸತ್ತೇ ಹೋದೆ. ಅಷ್ಟರಲ್ಲಿ ಜಾಸ್ಲಿನ್ ತಲೆಕಚೇರಿಯಿಂದ ವಿಳಾಸ ತರಿಸಿದಳು. ಯಾರ್ಕ್‌ಟನ್ ಹತ್ತಿರದ ಒಂದು ಹೊಲದ ವಿಳಾಸ. ಫೋನಿನವಳು ಅಲ್ಲಿನವರಿಗೆ ಜೋಡಿಸಿದಳು, ಅವರು ಹೊರಟೆವು ಎಂದರು. ಉಸಿರು ಬಿಟ್ಟೆ.

"ರೈಮೊ," ಎಂದ ಟ್ರೆಂಟ್. "ಅದು ಹಳೇ ಮನೆ. ಬೀರು ಸಾಗ್ಸಿದ್ಲಲ್ಲ. ಅಲ್ಲಿ ಮಾರ್ಲಿಸ್ ಇಲ್ಲ."

ಅವನು ಹೇಳಿದ್ದು ನಿಜ. ಆಂಬುಲೆನ್ಸ್ ಖಾಲಿ ಮನೆಯ ಕಡೆ ಓಡುತ್ತಿತ್ತು, ಇವಳು ಹೆಸರೂ ಇಲ್ಲದ ಊರಿನಲ್ಲಿ ನಮ್ಮ ಕಣ್ಣೆದುರೇ ಹೋಗುತ್ತಿದ್ದಳು. ಕೈ ಚಾಚಿದರೆ ಪರದೆ ತಾಗುತ್ತಿತ್ತು. ಅವಳ ಹಿಂದೆ ಆ ಹಾಳು ರೈಲು ಇನ್ನೂ ಹೋಗುತ್ತಲೇ ಇತ್ತು, ಮುಗಿಯದಷ್ಟು ಉದ್ದ.

ರೈಲು! ನಮ್ಮದು ರೈಲಿನವರ ಮನೆ. ನನ್ನ ಅಣ್ಣ ಔಲಿಸ್ ಮೂವತ್ತು ವರ್ಷ ಎಂಜಿನ್ ಓಡಿಸಿ ನಿವೃತ್ತನಾದವನು. ಇನ್ನೊಂದು ಫೋನಿನಿಂದ ಅವನನ್ನು ಹಿಡಿದೆ. ಪೂರ್ತಿ ಹೇಳಲು ಅವನು ಬಿಡಲಿಲ್ಲ.

"ಕಂಟ್ರೋಲ್ ರೂಮಿಗೆ ಮಾಡೋ ಪೆದ್ದ! ರೈಲು ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ರೈಲ್ವೆ ಗೇಟಿನ ಕಂಬದ ಮೇಲಿರುತ್ತಲ್ಲ ನಂಬರ್, ಬರ್ಕೋ."

ಕಂಟ್ರೋಲ್ ರೂಮಿನವನು ನಿಧಾನದ ಮನುಷ್ಯ. ನಾನು ಒದರಿದ್ದನ್ನೆಲ್ಲ ಕೇಳಿಸಿಕೊಂಡ. "ಯಾವ ಬೋಗಿಗಳು?" ಎಂದ.

"ಕಂದು ಬಣ್ಣ. ಪೊಟ್ಯಾಷ್ ಗೊಬ್ಬರ ತುಂಬೋವು. ಕಿಟಕೀಲಿ ಕಾಣ್ತಿದೆ, ಇನ್ನೂ ಹೋಗ್ತಿದೆ. ಯಾರ್ಕ್‌ಟನ್ ಸುತ್ತಮುತ್ತ ಎಲ್ಲೋ!"

"ಆ ದಾರೀಲಿ ಈಗ ಇರೋದು ಒಂದೇ ಗಾಡಿ. ಲೈನಲ್ಲೇ ಇರಿ."

ಅವನು ವೈರ್‌ಲೆಸ್‌ನಲ್ಲಿ ಡ್ರೈವರನ್ನು ಕರೆದದ್ದು ನನಗೂ ಕೇಳಿಸುತ್ತಿತ್ತು. ಕರಕರ ಸದ್ದಿನ ನಡುವೆ ಒಂದು ಗಂಡು ದನಿ ಬಂತು. "ಹಸಿರು ಛಾವಣಿ ಮನೆನಾ? ಕೈ ಬೀಸೋ ಅಮ್ಮಂದು? ಈಗ ತಾನೇ ದಾಟ್ದೆ. ಎರಡು ಸಲ ಹಾರ್ನ್ ಹೊಡೆದೆ ಗುರುವೇ, ಇವತ್ತು ಕೈ ಬೀಸ್ಲಿಲ್ಲ. ಏನಾಯ್ತು ಅವರಿಗೆ?"

ಅವಳ ಮುಖವನ್ನೇ ಸರಿಯಾಗಿ ನೋಡಿರದ ಒಬ್ಬ ಮನುಷ್ಯನಿಗೆ ಅವಳು ಕೈ ಬೀಸಲಿಲ್ಲ ಎನ್ನುವುದು ತಿಳಿದಿತ್ತು. ದಿನಾ ಅವಳ ಮುಖವನ್ನೇ ನೋಡುವ ನಾವು ಉಪ್ಪಿನಕಾಯಿ ಎಂದು ನಗುತ್ತಿದ್ದೆವು. ಆ ಕ್ಷಣದಲ್ಲಿ ಯಾರಾದರೂ ನನ್ನ ಕೆನ್ನೆಗೆ ಬಾರಿಸಿದ್ದರೆ ಸಮಾಧಾನವಾಗುತ್ತಿತ್ತು.

ಡ್ರೈವರ್ ಗೇಟಿನ ಗುರುತು ಹೇಳಿದ, ಕಂಟ್ರೋಲಿನವನು ಆಂಬುಲೆನ್ಸ್ ತಿರುಗಿಸಿದ. ಹಳಿ ರಿಪೇರಿಯ ಇಬ್ಬರು ಅಲ್ಲೇ ಹತ್ತಿರ ಕೆಲಸದಲ್ಲಿದ್ದಾರೆ, ಅವರನ್ನೂ ಓಡಿಸುತ್ತೇನೆ ಎಂದ. ನಮಗೆ ಇನ್ನು ಕಾಯುವುದೊಂದೇ ಕೆಲಸ. ಜಾಸ್ಲಿನ್ ಪರದೆಗೆ ಮುಖ ಹತ್ತಿಸಿ, "ನಾವಿದೀವಿ ಕಣೆ ಮಾರ್ಲಿಸ್, ಎಲ್ಲೂ ಹೋಗಲ್ಲ, ಇಲ್ಲೇ ಇದೀವಿ" ಎನ್ನುತ್ತಲೇ ಇದ್ದಳು. ಟ್ರೆಂಟ್ ಎದ್ದು ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಬಾತುಕೋಳಿಗಳ ಚಿತ್ರವಿದ್ದ ಪೈಜಾಮ. ಏಳು ವರ್ಷದಲ್ಲಿ ಮೊದಲ ಬಾರಿ ಅವನ ಕಾಲು ನೋಡಿದೆ. ಯಾರಿಗೂ ನಗು ಬರಲಿಲ್ಲ.

ಮಾರ್ಲಿಸಳ ಚೌಕದ ಅಂಚಿನಲ್ಲಿ ಒಂದು ಬಾಗಿಲಿದೆ. ಅದು ತೆರೆದದ್ದನ್ನು ನಾವು ಎಂದೂ ಕಂಡಿರಲಿಲ್ಲ. ಅದು ಧಡಾರನೆ ತೆರೆಯಿತು. ಕಿತ್ತಳೆ ಬಣ್ಣದ ಜಾಕೆಟ್ಟಿನ ಇಬ್ಬರು ಗಂಡಸರು ಹಿಮದ ಸಮೇತ ಒಳಗೆ ನುಗ್ಗಿದರು. ಒಬ್ಬ ಅವಳ ಕುರ್ಚಿಯ ಪಕ್ಕ ಕೂತು ಕೈ ಹಿಡಿದುಕೊಂಡ. ಇನ್ನೊಬ್ಬ ಕಿವಿಗೆ ಫೋನ್ ಇಟ್ಟುಕೊಂಡೇ ತಿರುಗಿದವನು ನಮ್ಮನ್ನು ನೋಡಿ ಬೆಚ್ಚಿಬಿದ್ದ.

"ಇಲ್ಲಿ ಯಾರೋ ಇದ್ದಾರೆ ಕಣೋ! ಯಾರ್ರೀ ನೀವು?"

"ಅವಳ ಆಫೀಸಿನವರು," ಎಂದಳು ಜಾಸ್ಲಿನ್.

"ನೋಡ್ತಾ ಕೂತಿದ್ರಾ?"

ಅವನು ಬೈಯಲು ಹೇಳಿದ್ದಲ್ಲ, ಆಶ್ಚರ್ಯಕ್ಕೆ ಕೇಳಿದ್ದು. ಆದರೂ ಕಪಾಳಕ್ಕೆ ಬೇಕಿದ್ದ ಏಟು ಬಿತ್ತು. ಅವನು ಫೋನನ್ನು ಸ್ವಲ್ಪ ಕೇಳಿಸಿಕೊಂಡು ಮತ್ತೆ ನಮ್ಮ ಕಡೆ ತಿರುಗಿದ. "ಆಂಬುಲೆನ್ಸಿನವರು ಕೇಳ್ತಿದ್ದಾರೆ, ಇದು ಸರಿಯಾಗಿ ಯಾವಾಗ ಆಯ್ತು? ಪಾರ್ಶ್ವವಾಯು ಇರ್ಬೇಕಂತೆ. ಶುರುವಾದ ಹೊತ್ತು ಗೊತ್ತಿದ್ರೆ ರಕ್ತದ ಗಡ್ಡೆ ಕರಗ್ಸೋ ಸೂಜಿ ಕೊಡ್ತಾರಂತೆ. ಗೊತ್ತಿಲ್ದಿದ್ರೆ ಕೊಡಕ್ಕೆ ಭಯವಂತೆ. ಅಂದಾಜು ಬೇಡ, ಸರಿಯಾಗಿ ಹೇಳಿ."

ನಗುತ್ತಿದ್ದವರು ಗಡಿಯಾರ ನೋಡಿರುತ್ತಾರೆಯೇ?

"ನನ್ ಹತ್ರ ಫೋಟೋ ಇದೆ," ಎಂದ ಟ್ರೆಂಟ್. "ಆದ ಕ್ಷಣದ್ದೇ. ಟೈಮ್ ಇದೆ ಅದ್ರಲ್ಲಿ. ಏಳು ಹನ್ನೆರಡು."

"ಏಳು ಹನ್ನೆರಡಾ?" ಅವನು ಹೌಹಾರಿ ಗೋಡೆಯ ಗಡಿಯಾರ ನೋಡಿದ. "ಅಯ್ಯೋ ದೇವ್ರೇ, ಆಗ್ಲೇ ಎರಡೂವರೆ ಗಂಟೆ ಆಯ್ತಲ್ರೀ! ಎರಡೂವರೆ ಗಂಟೆಯಿಂದ ಹಿಂಗೇ ನೋಡ್ತಾ..."

"ಇಲ್ಲ, ಇಲ್ಲ! ಅದು ನಮ್ಮ ಕಡೆ ಟೈಮು! ನಿಮಗೆ ಒಂಬತ್ತು ಹನ್ನೆರಡು! ಒಂಬತ್ತು!"

ಅವನು ಅದನ್ನೇ ಫೋನಿನಲ್ಲಿ ಎರಡು ಸಲ ಹೇಳಿದ. ಆಮೇಲೆ ಸುಮ್ಮನಿರಬಾರದೇ? "ಅಲ್ಲಾ, ಆ ಹೊತ್ತಲ್ಲಿ ಫೋಟೋ ಯಾಕೆ ತೆಗೆದ್ರಿ?" ಎಂದು ಕೇಳಿದ.

ಆಂಬುಲೆನ್ಸಿನವರು ಬಂದರು. ಅವಳನ್ನು ಕುರ್ಚಿಯಿಂದ ಎತ್ತಿದಾಗ ಕಾಲುಗಳು ಕಂಡವು. ದಪ್ಪನೆಯ ಉಣ್ಣೆ ಕಾಲುಚೀಲ, ಎರಡಕ್ಕೂ ಬೇರೆ ಬೇರೆ ಬಣ್ಣ. ಹೋಗುವಾಗ ಯಾರೋ ಲ್ಯಾಪ್‌ಟಾಪ್ ಮುಚ್ಚಿದರು. ನಾಲ್ಕು ಚೌಕಗಳಿದ್ದಲ್ಲಿ ಮೂರು ಉಳಿದವು. ಮಾರ್ಲಿಸ್ ಸಭೆಯಿಂದ ಹೊರಗೆ ಹೋದರು ಎಂದು ಪರದೆಯ ಮೇಲೆ ಅಕ್ಷರ ಮೂಡಿ ಮಾಯವಾಯಿತು. ನಾವು ಮೂವರೂ ಅಲ್ಲೇ ಕೂತಿದ್ದೆವು, ಮೀಟಿಂಗ್ ಮುಚ್ಚುವ ಧೈರ್ಯ ಯಾರಿಗೂ ಇರಲಿಲ್ಲ.

ಸೂಜಿ ಕೊಟ್ಟರು, ಬದುಕಿದಳು. ಹೆಲಿಕಾಪ್ಟರಿನಲ್ಲಿ ಒಯ್ದರಂತೆ. ಆಸ್ಪತ್ರೆಯಿಂದ ಅವಳ ತಂಗಿ ಜಾಸ್ಲಿನ್‌ಗೆ ಫೋನ್ ಮಾಡಿ, ಆ ಫೋಟೋ ತೆಗೆದ ಪುಣ್ಯಾತ್ಮ ಯಾರು, ಅವನಿಗೆ ಥ್ಯಾಂಕ್ಸ್ ಹೇಳಬೇಕು ಎಂದಳಂತೆ. ಟ್ರೆಂಟ್ ಆ ತಂಗಿಯ ಫೋನ್ ತೆಗೆದುಕೊಳ್ಳಲೇ ಇಲ್ಲ. ಆಲ್ಬಮ್ ಅಳಿಸಿಹಾಕಿದ. ನಾವು ಒಬ್ಬರಿಗೊಬ್ಬರು ಮನೆ ವಿಳಾಸ ಬರೆದುಕೊಟ್ಟೆವು. ಪರದೆಯಲ್ಲಿ ಯಾರಾದರೂ ಅರೆಗಳಿಗೆ ಅಲುಗಾಡದೆ ಕೂತರೆ ಉಳಿದವರು ಹೆಸರು ಹಿಡಿದು ಕೂಗುವ ಹಾಗಾಯಿತು.

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ನಾಲ್ಕನೆಯ ಚೌಕ ತೆರೆದುಕೊಂಡಿತು. ಅದೇ ಕಿಟಕಿ, ಅದೇ ನೀಲಿ ಸ್ವೆಟರ್. ಇಳಿದುಹೋಗಿದ್ದಳು. ಬಲಗೈಯನ್ನು ಯಾರದೋ ವಸ್ತುವಿನ ಹಾಗೆ ಮೇಜಿನ ಮೇಲೆ ಇಟ್ಟುಕೊಂಡಿದ್ದಳು. ಮಾತು ಒಂದೊಂದೇ ಹುಡುಕಿ ತೆಗೆಯಬೇಕಿತ್ತು. ನಾವು ಮದುವೆ ಗಂಡಿನ ಕಡೆಯವರ ಹಾಗೆ ನೆಟ್ಟಗೆ ಕೂತು ಆರೋಗ್ಯ ವಿಚಾರಿಸಿದೆವು. ಅವಳು ಸ್ವಲ್ಪ ಹೊತ್ತು ಸಹಿಸಿದಳು.

"ಟ್ರೆಂಟ್. ನನ್ ಫೋಟೋ ಎಲ್ಲಿ?"

"ಅಳಿಸ್ಬಿಟ್ಟೆ ಮಾರ್ಲಿಸ್. ಎಲ್ಲಾನೂ."

"ದಡ್ಡ. ಪ್ರೈಜು... ನನಗೇ ಬರ್ತಿತ್ತು."

ಟ್ರೆಂಟ್ ತಲೆ ತಗ್ಗಿಸಿದ. ಕೇಳಬಾರದಿತ್ತೇನೋ, ಆದರೂ ತಡೆಯಲಾಗದೆ ನಾನೇ ಕೇಳಿದೆ. "ಅವತ್ತು ನಾವು ಮಾತಾಡಿದ್ದು ನಿನಗೆ ಕೇಳಿಸ್ತಿತ್ತಾ?"

"ಎಲ್ಲಾ ಕೇಳಿಸ್ತು ಕಣೋ. ಉಪ್ಪಿನಕಾಯಿ ಅಂದಿದ್ದು. ಪೊರಕೆ ತಗೊಂಡು ಹತ್ತು ಅಂದಿದ್ದು, ಅದು ನೀನು." ಅವಳು ದಣಿದು ನಿಲ್ಲಿಸಿ, ಮತ್ತೆ ಶುರುಮಾಡಿದಳು. "ನಾನು... ಮಾತಾಡ್ತಾನೇ ಇದ್ದೆ. ಕೂಗ್ತಿದ್ದೆ ನಿಮ್ಮನ್ನ. ನೀವು ನಗ್ತಿದ್ರಿ. ನನ್ ದನಿ ತಲುಪ್ತಿಲ್ಲ, ಸ್ಟಕ್ ಆಗಿರೋದು ನೀವು ಅಂದ್ಕೊಂಡೆ."

ಜಾಸ್ಲಿನ್ ಮುಖ ಮುಚ್ಚಿಕೊಂಡಳು.

"ಎಷ್ಟು ಹೊತ್ತು ನಕ್ರಿ?"

"ಒಂಬತ್ತು ನಿಮಿಷ," ಎಂದ ಟ್ರೆಂಟ್. ಅವನು ಲೆಕ್ಕ ಹಾಕಿಟ್ಟುಕೊಂಡಿದ್ದ ಎಂದು ನನಗೆ ಆಗಲೇ ಗೊತ್ತಾದದ್ದು.

"ಅಷ್ಟೇನಾ?" ಎಂದಳು ಮಾರ್ಲಿಸ್. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನನಗೆ ಒಂದು ಚಳಿಗಾಲ ಕಳೆದ ಹಾಗಿತ್ತು."

ಅಷ್ಟರಲ್ಲಿ ನನ್ನ ಕಿವಿ ಒಡೆಯುವಂತೆ ಹಾರ್ನ್ ಕೂಗಿತು. ಸದ್ದು ನುಂಗುವ ಆ ಏರ್ಪಾಡನ್ನು ಅವಳು ಕಿತ್ತುಹಾಕಿದ್ದಳು. ಮಾರ್ಲಿಸ್ ಕಷ್ಟಪಟ್ಟು ಕಿಟಕಿಯ ಕಡೆ ಹೊರಳಿ ಎಡಗೈ ಎತ್ತಿ ಬೀಸಿದಳು. ಎಂಜಿನ್ ಮತ್ತೆ ಕೂಗಿತು, ಇನ್ನೂ ಉದ್ದಕ್ಕೆ. ಆಮೇಲೆ ನೂರು ಬೋಗಿಗಳ ಗಡಗಡ ಸದ್ದು ಮಾಂಕ್ಟನ್, ಸಡ್‌ಬರಿ, ಕೆಲೋನಾಗಳನ್ನೆಲ್ಲ ತುಂಬಿತು. ಮ್ಯೂಟ್ ಮಾಡಿಕೋ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಕೊನೆಯ ಬೋಗಿ ಹೋಗುವವರೆಗೂ ಕೇಳುತ್ತ ಕೂತೆವು.